ಸುಟ್ಟ ಜೇಡಿಮಣ್ಣಿನಿಂದ ಸುರ್ಕಿ ಗಾರೆ ತಯಾರಿಸುವ ವಿಧಾನ

ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡಿದ ಗಾರೆ. ಒಂದು ಅಂತಸ್ತಿನ ಮನೆಯ ಗೋಡೆಗೂ ಗಿಲಾವಿಗೂ ಇದು ಇಂದಿಗೂ ತಕ್ಕದ್ದೆಂಬುದು ನನ್ನ ದೃಢ ಅಭಿಪ್ರಾಯ. ಸಿಮೆಂಟಿನ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿಗಳನ್ನು, ತಯಾರಿಸಲು ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಆಗ ಇಂಧನದ ಹೊಗೆಯಲ್ಲದೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಕೂಡ ಹೊರಬೀಳುತ್ತದೆ. ಜೇಡಿಮಣ್ಣಿಗೆ 700ರಿಂದ 800 ಡಿಗ್ರಿ ಸಾಕು, ಅದರೊಳಗಿಂದ ಹೋಗುವುದು ಮುಖ್ಯವಾಗಿ ನೀರಿನ ಆವಿ. ಸುಣ್ಣ ಸುಡುವಾಗಲೂ ಇಂಗಾಲ ಹೊರಹೋಗುವುದು ನಿಜ. ಅದರಲ್ಲಿ ಒಂದು ಪಾಲನ್ನು ಗಾರೆಯು ಗಟ್ಟಿಯಾಗುತ್ತ ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ.

ಮಣ್ಣಿನ ಆಯ್ಕೆಯೇ ಅರ್ಧ ಕೆಲಸ. ಕೆಯೊಲಿನ್ ಎಂಬ ಬಿಳಿ ಜೇಡಿಯ ಅಂಶ ಹೆಚ್ಚಿರುವ ಮಣ್ಣು ಉತ್ತಮ. ಜಂಬಿಟ್ಟಿಗೆ ಸಿಗುವ ಕರಾವಳಿ, ಮಲೆನಾಡುಗಳಲ್ಲಿ ಇಂಥ ಮಣ್ಣು ದೊರೆಯುತ್ತದೆ. ಎರೆಮಣ್ಣು ಬೇಡ. ಜೇಡಿಯನ್ನು ಉಂಡೆ ಕಟ್ಟಿ ಒಣಗಿಸಿ, ಇಟ್ಟಿಗೆ ಗೂಡಿನಲ್ಲಿ ಉರಿ ಹದವಾಗಿರುವ ಕಡೆ ಸುಡಿಸಿರಿ. ಬೆಂದ ಉಂಡೆಯನ್ನು ಒಡೆದಾಗ ಒಳಗೂ ಹೊರಗೂ ಒಂದೇ ಬಣ್ಣವಿರಬೇಕು: ನಡುವೆ ಕಪ್ಪಿದ್ದರೆ ಬೆಂದಿಲ್ಲ, ಗಾಜಿನಂತೆ ಹೊಳೆದರೆ ಅತಿಯಾಗಿ ಬೆಂದು ಸತ್ವ ಕಳೆದುಕೊಂಡಿದೆ ಎಂದರ್ಥ. ಬೆರಳ ನಡುವೆ ಉಜ್ಜಿದರೆ ಹಿಟ್ಟಿನಂತಿರುವವರೆಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿರಿ.

ಸುಣ್ಣದ ಹರಳನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಹರಳಿನ ಮೇಲೆ ನೀರು ಸುರಿಯಬಾರದು. ಅದು ಕೊತಕೊತ ಕುದಿದು ಸಿಡಿಯುವುದರಿಂದ ಕನ್ನಡಕ, ಕೈಗವಸು ಕಡ್ಡಾಯ, ಮಕ್ಕಳನ್ನು ದೂರವಿಡಿರಿ. ಅರಳಿದ ಸುಣ್ಣ ಎರಡು ವಾರವಾದರೂ ನೀರಿನಡಿ ನೆನೆಯಲಿ.

ಸುಣ್ಣ, ಸುರ್ಕಿ, ಮರಳು ಇವನ್ನು ಒಂದೊಂದು ಪಾಲು ಹಾಕಿ, ಆದಷ್ಟು ಕಡಿಮೆ ನೀರಿನಲ್ಲಿ ಚೆನ್ನಾಗಿ ಅರೆಯಿರಿ. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಈ ಶ್ರಮವನ್ನು ಉಳಿಸಲು ಹೋದವರ ಗಾರೆ ಹಿಡಿಯುವುದಿಲ್ಲ. ಕೆಲಸಕ್ಕೆ ಮೊದಲು ಎರಡು ಬಿಲ್ಲೆ ತಟ್ಟಿರಿ, ಒಂದು ಈ ಗಾರೆಯದು, ಇನ್ನೊಂದು ಬರೀ ಸುಣ್ಣ ಮತ್ತು ಮರಳಿನದು. ಒದ್ದೆ ಗೋಣಿಯಡಿ ಒಂದು ವಾರ ಇಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿರಿ. ಸುರ್ಕಿಯ ಬಿಲ್ಲೆ ನೀರಿನೊಳಗೂ ಗಟ್ಟಿಯಾಗುತ್ತ ಹೋಗಬೇಕು; ಅದೂ ಇನ್ನೊಂದರಂತೆ ಉಗುರಿಗೆ ಕುಸಿದರೆ ಆ ಮಣ್ಣಿನಿಂದ ಗೋಡೆ ಕಟ್ಟಬೇಡಿರಿ.

ಕಬ್ಬಿಣ ಸೇರುವ ಕಂಬ, ತೊಲೆ, ತಾರಸಿಗಳಿಗೆ ಈ ಗಾರೆ ಸಲ್ಲದು. ಅಲ್ಲಿಗೆ ಸುಟ್ಟ ಜೇಡಿ ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿ ಕ್ಲಿಂಕರ್ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿದ ಎಲ್‌ಸಿ3 ಸಿಮೆಂಟನ್ನು ವಿಚಾರಿಸಬಹುದು. 2023ರಲ್ಲಿ ಅದಕ್ಕೆ ಭಾರತೀಯ ಮಾನದಂಡವೂ ಬಂದಿದೆ.

ಕಲಸಿದ ಗಾರೆಯನ್ನು ಅಂದೇ ಮುಗಿಸಿ, ದಿನಕ್ಕೆ ಮೂರಡಿಗಿಂತ ಎತ್ತರ ಏರಿಸದೆ, ಗೋಡೆಯನ್ನು ಗೋಣಿ ಹೊದಿಸಿ ಎರಡು ವಾರ ಒದ್ದೆಯಾಗಿಡಿರಿ.