ಲಾಂಚ್ ಮೇಲಿನ ದಿಬ್ಬಣದ ಜೀಪಿಗೆ ಎಷ್ಟು ಕೊಡೋದು?

ನಮ್ಮದು ಚಿಕ್ಕ ಪ್ರಕಾಶನ. ವರ್ಷಕ್ಕೆ ಐದಾರು ಪುಸ್ತಕ, ಒಂದೊಂದೂ ಸಾವಿರ ಪ್ರತಿ. ಕಳೆದ ಸಲ ಶರಾವತಿ ಹಿನ್ನೀರಿನ ಜನರ ನೆನಪುಗಳ ಪುಸ್ತಕ ತಂದೆವು. ಅದರ ಮುಖಪುಟಕ್ಕೆ ಸರಿಹೊಂದುವ ಫೋಟೋ ಸಾಗರದ ಒಬ್ಬ ಹಿರಿಯ ಛಾಯಾಗ್ರಾಹಕರ ಟ್ರಂಕಿನಲ್ಲಿತ್ತು. ಹೊಳೆಬಾಗಿಲಿನ ಲಾಂಚ್, ಅಂದರೆ ಜನರನ್ನೂ ವಾಹನಗಳನ್ನೂ ಹಿನ್ನೀರು ದಾಟಿಸುವ ದೋಣಿ, ಅದರ ಮೇಲೆ ಹೂವಿನ ಸರ ಕಟ್ಟಿದ ದಿಬ್ಬಣದ ಜೀಪು, ಎಡಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿರುವ ಒಬ್ಬ ಮನುಷ್ಯ. ಮೂವತ್ತು ವರ್ಷದ ನೆಗೆಟಿವ್, ಬಣ್ಣ ಸ್ವಲ್ಪ ಕೆಂಪಗಾಗಿದೆ. ಅದೂ ಚೆಂದವೇ.

ಎಷ್ಟು ಕೊಡಬೇಕು ಅಂತ ಕೇಳಿದೆ. "ಹೆಸರು ಹಾಕಿ, ಎರಡು ಪುಸ್ತಕ ಕೊಡಿ, ಸಾಕು ಮಾರಾಯ್ರೆ" ಅಂದರು.

ಹೂಂ ಅಂದುಬಿಡಬಹುದಿತ್ತು. ಆದರೆ ಅದಕ್ಕೂ ಮೊದಲು ಒಂದು ಪೆಟ್ಟು ತಿಂದಿದ್ದೆ. ಹಿಂದೊಂದು ಪುಸ್ತಕಕ್ಕೆ ನೆಟ್‌ನಲ್ಲಿ ಸಿಕ್ಕಿದ ಫೋಟೋ ಹಾಕಿದ್ದೆವು. ಎರಡು ತಿಂಗಳಿಗೆ ಅದನ್ನು ತೆಗೆದವರ ಫೋನ್ ಬಂತು. 8,000 ಕೊಟ್ಟು ಕೈಮುಗಿದೆ. "ಮೊದಲೇ ಕೇಳಿದ್ದರೆ 3,000ಕ್ಕೆ ಕೊಡ್ತಿದ್ದೆ" ಅಂದರು ಅವರು. ಇವತ್ತಿಗೂ ಆ ಮಾತು ಚುಚ್ಚುತ್ತದೆ. ಇಲ್ಲಿ ಬಿಟ್ಟಿ ಸಿಕ್ಕಿತು ಅಂತ ತೆಗೆದುಕೊಂಡರೆ ನಾಳೆ ಇವರ ಮಕ್ಕಳೇ ಕೇಳಬಹುದು, ಅಲ್ವಾ? ಅದಕ್ಕಿಂತ, ಸಾವಿರ ಜನರ ಕಣ್ಣಿಗೆ ಮೊದಲು ಬೀಳುವುದೇ ಆ ಚಿತ್ರ. ಅದಕ್ಕೆ ಸೊನ್ನೆ ಅಂದರೆ ಹೇಗೆ?

ಲೆಕ್ಕದ ಪುಸ್ತಕವನ್ನೇ ಅವರ ಮುಂದೆ ಇಟ್ಟೆ. ಪುಸ್ತಕದ ಬೆಲೆ 220. ಮುದ್ರಣಕ್ಕೆ 75,000. ಲೇಖಕರಿಗೆ ಶೇ. 10ರಂತೆ 22,000. ಮುಖಪುಟ ವಿನ್ಯಾಸಕ್ಕೆ 6,000. "ಮುಖಪುಟದಲ್ಲಿ ಅಕ್ಷರ ಜೋಡಿಸುವ ಹುಡುಗನಿಗೆ 6,000 ಕೊಟ್ಟು ನಿಮಗೆ ಬರೀ ಎರಡು ಪುಸ್ತಕ ಕೊಟ್ಟರೆ ನನಗೆ ನಿದ್ದೆ ಬರೋದಿಲ್ಲ" ಅಂದೆ. ನಕ್ಕರು. ಇನ್ನೊಂದು ಸಂಗತಿಯೂ ಇತ್ತು. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅಲ್ಲಿ ದಿಬ್ಬಣ ಲಾಂಚಿಗೆ ಕಾಯುವ ಕಾಲ ಮುಗಿಯಿತು. ಮಳೆಗಾಲದ ಜೋಗದ ಫೋಟೋ ಕೇಳಿದರೆ ಹತ್ತು ಜನ ಕೊಡ್ತಾರೆ. ಇದನ್ನು ಮತ್ತೆ ಹೋಗಿ ತೆಗೆಯೋಕೆ ಆಗೋದಿಲ್ಲ.

ಕೊನೆಗೆ ಇಬ್ಬರೂ ಒಪ್ಪಿದ್ದು 6,000. ಇದು ಫೋಟೋದ ಬೆಲೆಯಲ್ಲ, ಒಂದು ಬಳಕೆಯ ಬೆಲೆ. ಅದನ್ನು ಅರ್ಧ ಹಾಳೆಯಲ್ಲಿ ಬರೆದೆವು: ಈ ಪುಸ್ತಕದ ಮುಖಪುಟಕ್ಕೆ, ಕನ್ನಡದಲ್ಲಿ, ಮೊದಲ ಮುದ್ರಣದ 1,000 ಪ್ರತಿಗೆ. ಮರುಮುದ್ರಣವಾದರೆ ಸಾವಿರಕ್ಕೆ 2,500. ಪ್ರಚಾರಕ್ಕೆ ಇಡೀ ಮುಖಪುಟ ತೋರಿಸಬಹುದು, ಫೋಟೋ ಒಂದನ್ನೇ ಬಿಡಿಸಿ ಪೋಸ್ಟರ್ ಮಾಡುವ ಹಾಗಿಲ್ಲ. ಸ್ಕ್ಯಾನ್ ಖರ್ಚು ನಮ್ಮದು. ಹೆಸರು ಹಿಂಬದಿ ರಕ್ಷಾಪುಟದಲ್ಲಿ. ನಾವು ಎಷ್ಟು ವರ್ಷ ಅಂತಲೂ ಬರೆದೆವು. ಬರೆಯದಿದ್ದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆ 5 ವರ್ಷ ಅಂತಲೇ ತಿಳಿಯುತ್ತದೆ. ಎಲ್ಲೆಲ್ಲಿ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಕನ್ನಡ ಕೂಟಕ್ಕೆ ಐವತ್ತು ಪ್ರತಿ ಕಳಿಸುವುದಿತ್ತು, ಅದಕ್ಕೇ ಹೊರದೇಶವನ್ನೂ ಸೇರಿಸಿದೆವು.

ಒಂದು ಪ್ರಶ್ನೆ ಮಾತ್ರ ಕೇಳೋಕೆ ಮುಜುಗರವಾಯಿತು. ಅವರು ಅವತ್ತು ಹೋಗಿದ್ದು ಆ ಮದುವೆಯ ಫೋಟೋ ತೆಗೆಯೋಕೇ. ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದರೆ, ಬೇರೆ ಮಾತಾಗಿರದಿದ್ದರೆ, ಹಕ್ಕು ತೆಗೆಸಿದವರದು. ಹಾಗಾದರೆ ಇದು ಮದುವೆ ಮನೆಯವರದಾ? ಅವರು ಎದ್ದು ಹೋಗಿ ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದರು. ಧಾರೆ, ಊಟದ ಪಂಕ್ತಿ, ಗ್ರೂಪ್ ಫೋಟೋ, ಕೊನೆಗೆ ಇದು. "ರೋಲಿನಲ್ಲಿ ಒಂದು ಉಳಿದಿತ್ತು. ನನ್ನ ಖುಷಿಗೆ ಹೊಡೆದೆ. ಅವರ ಆಲ್ಬಮ್‌ನಲ್ಲಿ ಇಲ್ಲ." ಆದರೂ ಆ ಮನೆಯವರಿಗೆ ಫೋನ್ ಮಾಡಿ ಒಪ್ಪಿಗೆಯ ಒಂದು ಸಾಲು ಬರೆಸಿಕೊಂಡೆ. ಮದುಮಗ ಈಗ ಅಜ್ಜ. ಒಂದು ಪುಸ್ತಕ ಕಳಿಸಿ ಅಂದರು, ಅಷ್ಟೇ.

ದುಡ್ಡಿನ ವಿಷಯದಲ್ಲಿ ಆಗದ ಜಗಳ ಬೀಡಿ ಮನುಷ್ಯನ ವಿಷಯದಲ್ಲಿ ಆಯಿತು. ನಮ್ಮ ಡಿಸೈನರ್ ಅವನನ್ನು ಕತ್ತರಿಸಿ ಆ ಜಾಗದಲ್ಲಿ ಶೀರ್ಷಿಕೆ ಕೂರಿಸಿದ್ದ. ನಮ್ಮ ಹಿರಿಯರು ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು, "ಇವನಿಗಾಗಿಯೇ ನಾನು ಕ್ಯಾಮೆರಾ ಎತ್ತಿದ್ದು. ಇವನಿಲ್ಲ ಅಂದರೆ ನಿಮ್ಮ 6,000 ವಾಪಸ್ ತಗೊಳ್ಳಿ" ಅಂದರು. ಶೀರ್ಷಿಕೆ ನೀರಿನ ಮೇಲೆ ಹೋಯಿತು. ಈಗ ನೋಡಿದರೆ ಅದೇ ಸರಿ.

ಪುಸ್ತಕ ಬಂದ ಮೇಲೆ ಒಂದು ರೆಸಾರ್ಟಿನವರು ಆ ಚಿತ್ರ ಗೋಡೆಗೆ ಬೇಕು ಅಂತ ನನ್ನನ್ನು ಕೇಳಿದರು. ಕೊಡೋಕೆ ಅದು ನನ್ನದಲ್ಲವಲ್ಲ. ಹಿರಿಯರನ್ನು ಕೇಳಿ ಅವರ ನಂಬರ್ ಕೊಟ್ಟೆ. ಸಂಜೆ ಹಿರಿಯರ ಫೋನ್: "ಎಷ್ಟು ಹೇಳಲಿ?" ಮೊದಲು ಎಷ್ಟು ದೊಡ್ಡದು, ಎಷ್ಟು ಗೋಡೆ, ಎಷ್ಟು ವರ್ಷ ಅಂತ ಕೇಳಿ, ಆಮೇಲೆ ದುಡ್ಡಿನ ಮಾತು ಅಂದೆ. ಎರಡು ವರ್ಷಕ್ಕೆ 15,000 ಕೇಳಿದರಂತೆ. ರೆಸಾರ್ಟಿನವರು ಚೌಕಾಸಿ ಮಾಡದೆ ಹೂಂ ಅಂದರಂತೆ.

ಮರುದಿನ ಬೆಳಿಗ್ಗೆ ಆರೂವರೆಗೆ ಮತ್ತೆ ಫೋನ್. "ಕಮ್ಮಿ ಕೇಳಿದೆ ಅನ್ಸತ್ತೆ, ಅಲ್ವಾ?"