ಅರಮನೆಗೆ ಬೆನ್ನು ತಿರುಗಿಸಿ, ಆಮೇಲೆ ಕ್ಲಿಕ್ ಮಾಡಿ

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹತ್ತಿದ ಕೂಡಲೇ ಎಲ್ಲರ ಕೈಯೂ ಮೇಲೇಳುತ್ತದೆ. ಅದೇ ಗುಮ್ಮಟ, ಅದೇ ಬೆಳಕು. ಒಂದು ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮಾರನೆಯ ದಿನ ಬೆಳಿಗ್ಗೆ ಅದೇ ಜಾಗಕ್ಕೆ ಬಂದು ಅರಮನೆಗೆ ಬೆನ್ನು ಮಾಡಿ ನಿಲ್ಲಿ. ಮೈಸೂರು, ಮಂಡ್ಯದ ಕಡೆ ಎಲ್ಲರೂ ಗಮನಿಸದೆ ದಾಟಿಹೋಗುವ ವಿಚಿತ್ರಗಳನ್ನೂ ಜಾಗಗಳನ್ನೂ ಮೊಬೈಲ್‌ನಲ್ಲಿ ಹಿಡಿಯುವುದು ಹೇಗೆ ಅನ್ನುವುದೇ ಇಲ್ಲಿನ ಮಾತು.

ಉತ್ತರದ ಕಡೆ ದೊಡ್ಡ ಗಡಿಯಾರ ಕಾಣುತ್ತದೆ. 1927ರಲ್ಲಿ ಕಟ್ಟಿದ್ದು. ಅದರ ಅಂಕಿ ಯಾವ ಲಿಪಿಯಲ್ಲಿದೆ ಅಂತ ಮೈಸೂರಿನ ಸ್ನೇಹಿತರನ್ನು ಸುಮ್ನೆ ಕೇಳಿ ನೋಡಿ. ದಿನಾ ಅಲ್ಲೇ ಓಡಾಡುವವರೂ ತಡವರಿಸುತ್ತಾರೆ. ಕನ್ನಡದ ಅಂಕಿಗಳು! ಗೋಪುರ ಪೂರ್ತಿ ಬಂದರೆ ಅಂಕಿ ಕಾಣುವುದಿಲ್ಲ. ಬೆರಳಿನಲ್ಲಿ ಹಿಗ್ಗಿಸಿ ತೆಗೆದರೆ ಚಿತ್ರ ಒಡೆಯುತ್ತದೆ. ಮೊಬೈಲ್‌ನಲ್ಲಿ 2x ಅಥವಾ 3x ಲೆನ್ಸ್ ಇದ್ದರೆ ಅದನ್ನೇ ಒತ್ತಿ. ಹಿಂದಿನ ಆಕಾಶ ಬೆಳ್ಳಗೆ ಹೊಳೆದು ಗಡಿಯಾರ ಕಪ್ಪಾದರೆ, ಅದರ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಸರಿಮಾಡಿಕೊಳ್ಳಿ.

ಎರಡನೆಯದು ಸ್ವಲ್ಪ ಕಷ್ಟದ ಕೆಲಸ. ವಿಚಿತ್ರ ಯಾಕೆ ವಿಚಿತ್ರ ಅನ್ನುವುದೂ ಚಿತ್ರದಲ್ಲಿ ಕಾಣಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ಜೋಡಿ ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ 100 ಮೀಟರಿಗೂ ಜಾಸ್ತಿ ದೂರ ಸರಿಸಿದರು. ಬರೀ ಕಟ್ಟಡ ತೆಗೆದರೆ ಅದೊಂದು ಹಳೇ ಗೋಡೆ, ಅಷ್ಟೇ. ಅದಕ್ಕೇ ಮೂರು ಚಿತ್ರ ತೆಗೆಯಿರಿ: ದೂರದಿಂದ ಸುತ್ತಲಿನ ಜಾಗದ ಜೊತೆ ಒಂದು, ಇಟ್ಟಿಗೆಯ ಹತ್ತಿರ ಹೋಗಿ ಒಂದು, ನಿಲ್ದಾಣದ ಪ್ಲಾಟ್‌ಫಾರಂನಿಂದ ಹಳಿಯದು ಒಂದು. ಹಳಿಗೆ ಮಾತ್ರ ಇಳಿಯಬೇಡಿ.

ಮೇಲುಕೋಟೆಯ ರಾಯಗೋಪುರ ಅನ್ನುವ ಅರ್ಧಕ್ಕೇ ನಿಂತ ಹೆಬ್ಬಾಗಿಲನ್ನು ತೆಗೆಯುವಾಗಲೂ ಇದೇ ಕಷ್ಟ. ಕಂಬಗಳೆದ್ದು ಕೆಲಸ ಅಲ್ಲಿಗೇ ನಿಂತಿದೆ. ಕಂಬದ ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ, ಎತ್ತರ ತಾನಾಗಿ ತಿಳಿಯುತ್ತದೆ.

ಮಂಡ್ಯದ ದಾರಿಯಲ್ಲಿ ಆಲೆಮನೆ ಕಂಡರೆ ಗಾಡಿ ನಿಲ್ಲಿಸಿ. ಮೊದಲು ಮಾತಾಡಿ. “ಯಜಮಾನ್ರೇ, ಒಂದೆರಡು ಫೋಟೊ ತೆಗೀಲಾ?” ಅಂದರೆ ಸಾಕು. ಎಷ್ಟೋ ಸಲ ಫೋಟೊಗಿಂತ ಮೊದಲು ಕಬ್ಬಿನ ಹಾಲೇ ಕೈಗೆ ಬರುತ್ತದೆ. ಕೊಪ್ಪರಿಗೆಯ ಆವಿ ಚೆನ್ನಾಗಿ ಬರಬೇಕಾದರೆ ಬೆಳಕು ಅದರ ಹಿಂದಿನಿಂದ ಬೀಳಬೇಕು. ನೀವು ಬಾಗಿಲಿಗೆ ಎದುರಾಗಿ, ಒಳಗಿನಿಂದ ತೆಗೆಯಿರಿ. ಕುದಿಯುವ ಪಾಕ, ಒಲೆ ಎರಡರಿಂದಲೂ ದೂರ ಇರಿ. ಆಗಾಗ ಲೆನ್ಸ್ ಒರೆಸುತ್ತಿರಿ. ಒಮ್ಮೆ ನಾನು ಒರೆಸದೆ ಆ ದಿನದ ಚಿತ್ರವೆಲ್ಲ ಮಂಜು ಮಂಜು. ಮಡಿಕೇರಿಗೆ ಹೋಗಿದ್ರಾ ಅಂತ ಕೇಳಿದವರಿದ್ದಾರೆ.

ರಾತ್ರಿ ಮಲಗುವ ಮುಂಚೆ ಪ್ರತಿ ಚಿತ್ರಕ್ಕೂ ಊರಿನ ಹೆಸರು ಬರೆದಿಡಿ. ನನ್ನ ಹತ್ತಿರ ಒಂದು ಚಂದದ ಹಸಿರು ಬಾಗಿಲಿನ ಫೋಟೊ ಇದೆ. ಅದು ಮೇಲುಕೋಟೆಯದೋ ಶ್ರೀರಂಗಪಟ್ಟಣದ್ದೋ ಅಂತ ಮನೆಯಲ್ಲಿ ಇವತ್ತಿಗೂ ಜಗಳ.