ಪ್ರಾಕ್ಸಿಗೆ ಫಿಲ್ಟರ್ ಆರಿಸಿದ್ದು: ನನ್ನ ಅನುಭವ

ನಮ್ಮ ಆಫೀಸಿನಲ್ಲಿ ಸ್ಕ್ವಿಡ್ ಎಂಬ ಪ್ರಾಕ್ಸಿ ಇದೆ, ಅಂದರೆ ಎಲ್ಲರ ಇಂಟರ್ನೆಟ್ ಹಾದುಹೋಗುವ ಮಧ್ಯವರ್ತಿ ಸರ್ವರ್. ಅದಕ್ಕೆ ಬೇಡದ ಸೈಟ್ ತಡೆಯುವ ವೆಬ್ ಫಿಲ್ಟರ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಸೇವೆಯಲ್ಲಿ ಎಷ್ಟು ಕೆಟಗರಿ, ಪಟ್ಟಿಯಲ್ಲಿ ಎಷ್ಟು ಸೈಟ್ ಅಂತ ಹೋಲಿಸುವುದರಲ್ಲೇ ಎರಡು ದಿನ ಕಳೆದೆ. ಏನೂ ತೀರ್ಮಾನವಾಗಲಿಲ್ಲ. ಆ ಲಕ್ಷಾಂತರ ಸೈಟ್‌ಗಳಲ್ಲಿ ನಮ್ಮವರು ತೆರೆಯುವುದು ಎಷ್ಟು? ಅದು ಗೊತ್ತಿರುವುದು, ತೆರೆದ ಸೈಟ್ ಎಲ್ಲ ಪ್ರಾಕ್ಸಿ ಬರೆದಿಡುವ ನಮ್ಮ ಆಕ್ಸೆಸ್ ಲಾಗ್‌ಗೆ ಮಾತ್ರ ಅಲ್ವಾ?

ಒಂದು ವಾರದ ಲಾಗ್ ತೆಗೆದುಕೊಂಡೆ. ಸ್ಕ್ವಿಡ್‌ನ ಮಾಮೂಲಿ ಲಾಗ್‌ನಲ್ಲಿ ಏಳನೇ ಕಾಲಂ ಯುಆರ್‌ಎಲ್, ಅಂದರೆ ತೆರೆದ ವಿಳಾಸ. ಅದರಿಂದ ಡೊಮೇನ್ ಹೆಸರಷ್ಟೇ ಉಳಿಸಿಕೊಂಡು, ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಯಾರು ತೆರೆದರು ಎನ್ನುವ ಕಾಲಂ ಮುಟ್ಟಲಿಲ್ಲ, ಈ ಕೆಲಸಕ್ಕೆ ಅದು ಬೇಕಿರಲಿಲ್ಲ.

ಬಹುತೇಕ ಸಾಲುಗಳಲ್ಲಿ ಇದ್ದದ್ದು ಕನೆಕ್ಟ್ ಎಂಬ ಪದ, ಒಂದು ಸೈಟಿನ ಹೆಸರು, ಕೊನೆಗೆ 443. ಅಂದರೆ ಎಚ್‌ಟಿಟಿಪಿಎಸ್, ಬ್ರೌಸರ್‌ಗೂ ಸೈಟಿಗೂ ನಡುವೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುವ ಸಂಪರ್ಕ. ಅಲ್ಲಿ ಪ್ರಾಕ್ಸಿಗೆ ಸೈಟಿನ ಹೆಸರು ಕಾಣುತ್ತದೆ, ಯಾವ ಪುಟ ಅಂತ ಕಾಣುವುದಿಲ್ಲ. ಪುಟದೊಳಗಿನ ಪದಗಳನ್ನು ಓದಿ ತಡೆಯುವ ಇ2ಗಾರ್ಡಿಯನ್ ತರಹದ ಫಿಲ್ಟರ್ ಬೇಕೆಂದರೆ ಆ ಗೂಢಲಿಪಿಯ ಸಂಪರ್ಕವನ್ನು ಮಧ್ಯದಲ್ಲೇ ಬಿಚ್ಚಬೇಕು. ಬ್ರೌಸರ್ ಅದನ್ನು ಒಪ್ಪುವಂತೆ ಎಲ್ಲ ಕಂಪ್ಯೂಟರ್‌ಗಳಲ್ಲೂ ನಮ್ಮ ಸರ್ಟಿಫಿಕೇಟ್ ಹಾಕಬೇಕು. ಎಚ್ಚರ ತಪ್ಪಿದರೆ ಜನರ ಬ್ಯಾಂಕ್ ಪಾಸ್‌ವರ್ಡ್ ಕೂಡ ನಮ್ಮ ಸರ್ವರ್‌ನಲ್ಲಿ ಬಯಲಾಗುತ್ತದೆ. ಅಷ್ಟು ದೊಡ್ಡ ಜವಾಬ್ದಾರಿ ಹೊರಲು ನನಗೆ ಮನಸ್ಸಾಗಲಿಲ್ಲ. ಹೆಸರು ನೋಡಿ ತಡೆಯುವ ಫಿಲ್ಟರ್ ಸಾಕು ಅಂದುಕೊಂಡೆ.

ಫ್ರಾನ್ಸಿನ ಟುಲೂಸ್ ವಿಶ್ವವಿದ್ಯಾಲಯದ ಉಚಿತ ಪಟ್ಟಿಯನ್ನೂ ಹಣ ಕೊಡಬೇಕಾದ ಎರಡು ಸೇವೆಗಳನ್ನೂ ನನ್ನ ಡೊಮೇನ್ ಪಟ್ಟಿಯ ಮುಂದಿಟ್ಟೆ. ದೊಡ್ಡ ಸೈಟ್‌ಗಳಲ್ಲಿ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಕಂಡದ್ದು ಪಟ್ಟಿಯ ತಳದಲ್ಲಿ, ವಾರಕ್ಕೆ ಎರಡೋ ಮೂರೋ ಸಲ ಬಂದ ಹೆಸರುಗಳಲ್ಲಿ. ಹಣದ ಸೇವೆಯೊಂದು, ಮಗುವಿಗೆ ಹಾಲೂಡಿಸುವ ಬಗ್ಗೆ ತಾಯಂದಿರಿಗೆ ಸಲಹೆ ಕೊಡುವ ಸೈಟನ್ನು ಅಶ್ಲೀಲದ ಕೆಟಗರಿಗೆ ಸೇರಿಸಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಹಸುಗೂಸಿನ ತಾಯಿ ಆ ಸೈಟ್ ತೆರೆದು, ತಾನೇನೋ ತಪ್ಪು ಮಾಡಿದಂತೆ ಸುಮ್ನೆ ಮುಚ್ಚಿಬಿಡುತ್ತಾಳೆ. ದೂರು ಯಾರಿಗೂ ಬರುವುದಿಲ್ಲ. ತಪ್ಪು ತಿದ್ದಿ ಅಂತ ಹಣದ ಎರಡೂ ಸೇವೆಗಳಿಗೆ ಒಂದಷ್ಟು ಹೆಸರು ಕಳಿಸಿದೆ. ಒಂದು ಕಡೆಯಿಂದ ಮರುದಿನವೇ ಉತ್ತರ ಬಂತು. ಇನ್ನೊಂದು ಕಡೆಯಿಂದ ಬರಲೇ ಇಲ್ಲ. ಆಯ್ಕೆ ಅಲ್ಲಿಗೇ ಮುಕ್ಕಾಲು ಮುಗಿಯಿತು.

ಮಿಕ್ಕ ಕಾಲು ಭಾಗ ಫಿಲ್ಟರ್ ನಿಂತುಹೋದಾಗಿನ ಪ್ರಶ್ನೆ. ಸ್ಕ್ವಿಡ್‌ಗಾರ್ಡ್ ಎಂಬ ಫಿಲ್ಟರ್ ತನ್ನ ಡೇಟಾಬೇಸ್ ಓದಲಾಗದಿದ್ದರೆ ತುರ್ತು ಸ್ಥಿತಿಗೆ ಹೋಗಿ ಎಲ್ಲ ಸೈಟನ್ನೂ ತಡೆಯದೆ ಬಿಟ್ಟುಬಿಡುತ್ತದೆ. ಐಕ್ಯಾಪ್ (ಪ್ರಾಕ್ಸಿ ತಪಾಸಣೆಗೆ ಬೇರೆ ಸೇವೆಯನ್ನು ಕೇಳುವ ವಿಧಾನ) ಆದರೆ ಬೈಪಾಸ್, ಅಂದರೆ ತಪಾಸಣೆ ಇಲ್ಲದೆ ಬಿಡುವುದು, ಬೇಕೋ ಬೇಡವೋ ನಾವೇ ಹೇಳಬಹುದು. ನಾನು ಬೇಕೆಂದೇ ಫಿಲ್ಟರ್ ನಿಲ್ಲಿಸಿ ನೋಡಿದೆ. ಇನ್ನೊಂದು ವಿಷಯ ಕ್ಯಾಶ್‌ನದು, ಅಂದರೆ ಒಮ್ಮೆ ತಂದ ಪುಟಗಳನ್ನು ಸ್ಕ್ವಿಡ್ ಕೂಡಿಟ್ಟುಕೊಳ್ಳುವ ಜಾಗದ್ದು: ಸ್ಕ್ವಿಡ್‌ನಲ್ಲಿ ಐಕ್ಯಾಪ್ ತಪಾಸಣೆ ಆಗುವುದು ಕ್ಯಾಶ್‌ಗೆ ಮುಂಚೆ. ಸೈಟಿನಿಂದ ಬರುವ ಉತ್ತರವನ್ನಷ್ಟೇ ತಪಾಸಣೆ ಮಾಡಿದರೆ, ನಿನ್ನೆ ಪಾಸಾಗಿ ಕ್ಯಾಶ್ ಸೇರಿದ್ದು ಇವತ್ತು ನಿಯಮ ಬದಲಾದರೂ ಹಾಗೇ ಹೊರಗೆ ಹೋಗುತ್ತದೆ. ಹಾಗಾಗಿ ಬ್ರೌಸರ್ ಕಳಿಸುವ ಕೋರಿಕೆಯನ್ನೇ ಪ್ರತಿ ಸಲ ನೋಡುವಂತೆ ಇಟ್ಟೆ.

ಎಚ್‌ಟಿಟಿಪಿಎಸ್ ಸೈಟ್ ತಡೆದಾಗ ನಮ್ಮ 'ತಡೆಯಲಾಗಿದೆ' ಪುಟ ಬರುವುದಿಲ್ಲ, ಬ್ರೌಸರ್‌ನ ಎರರ್ ಅಷ್ಟೇ ಬರುತ್ತದೆ. ನೆಟ್ ಹೋಯಿತು ಅಂತ ಜನ ಫೋನ್ ಮಾಡುತ್ತಾರೆ. ಇದನ್ನು ಎಲ್ಲರಿಗೂ ಮೊದಲೇ ಹೇಳಿಟ್ಟೆ. ತಪ್ಪಾಗಿ ತಡೆದದ್ದಕ್ಕೆ ಫಿಲ್ಟರ್‌ಗಿಂತ ಮುಂಚೆಯೇ ಬಿಟ್ಟುಬಿಡುವ ನಮ್ಮದೇ ಪಟ್ಟಿ ಇದೆ. ಪ್ರತಿ ಸಾಲಿನ ಮೇಲೂ ತಾರೀಖು, ಕಾರಣ ಬರೆದಿರುತ್ತೇನೆ. ಅದರ ಮೊದಲ ಸಾಲು ಆ ತಾಯಂದಿರ ಸೈಟ್.